ಶುಶ್ರೂಷೆಯೆಂಬ ಕಾಯಕ

(ಶ್ರೀಮಠದ ಮಹೋತ್ಸವದ ಸಂದರ್ಭದಲ್ಲಿ ನೆರೆದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)

 

ಇಂತಹ ಮಹಾಸಭೆಯಲ್ಲಿ ನಿಂತು ಮಾತನಾಡುವುದಕ್ಕೆ ತಕ್ಕ ಪಾಂಡಿತ್ಯವಾಗಲಿ ವಾಕ್ಚಾತುರ್ಯವಾಗಲಿ ನನ್ನಲ್ಲಿಲ್ಲ. ಹನ್ನೆರಡು ವರ್ಷಗಳ ಕಾಲ ಜವಳಿ ಅಂಗಡಿಯೊಂದರ ಲೆಕ್ಕವನ್ನು ಬರೆದವನು ನಾನು. ಅನಂತರ, ಮೂವತ್ತು ವರ್ಷಗಳು ಕಳೆದ ಮೇಲೆ, ರೋಗಿಗಳ ಶುಶ್ರೂಷೆಯನ್ನು ಕಲಿತು ಅದರಿಂದಲೇ ಜೀವಿಸುತ್ತಿರತಕ್ಕವನು. ಕಾಯಕ, ದಾಸೋಹಗಳನ್ನು ಕುರಿತು ಶಾಸ್ತ್ರಬದ್ಧವಾಗಿ ಉಪದೇಶಿಸಬಲ್ಲ ಮಹನೀಯರು ಈ ಸಭೆಯಲ್ಲಿ ಅನೇಕರಿದ್ದಾರೆ. ಆದರೂ ಶ್ರೀಗಳವರು, “ನೀನು ಮಾಡಿದುದನ್ನೂ ಕಂಡುದನ್ನೂ ಹೇಳು, ಅಷ್ಟು ಸಾಕು” ಎಂದು ಅಪ್ಪಣೆ ಕೊಡಿಸಿದುದರಿಂದ, ಆ ಅಪ್ಪಣೆಯನ್ನು ಶಿರಸಾವಹಿಸಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ತಪ್ಪುಗಳಿದ್ದರೆ ದೊಡ್ಡವರು ಮನ್ನಿಸಬೇಕು.

ನಮ್ಮ ಮನೆಯಿದ್ದುದು ಬಂಗಾರಪೇಟೆಯಲ್ಲಿ. ೧೮೬೨ ರಿಂದ ೧೮೭೦ ರ ವರೆಗೆ ಮೈಸೂರು ಸೀಮೆಯ ಚೀಫ್ ಕಮಿಷನರಾಗಿದ್ದ ಬೌರಿಂಗ್ ಎಂಬವರ ಹೆಸರಿನಿಂದ ಆ ಊರು ಮೊದಲು ಬೌರಿಂಗ್‌ಪೇಟೆ ಎನಿಸಿಕೊಂಡಿತ್ತು. ಅಲ್ಲಿಂದ ಕೋರಮಂಡಲ, ಊರುಗಾಂ, ಚಾಂಪಿಯನ್, ಮಾರಿಕುಪ್ಪಂಗಳಿಗೆ ಹೋಗುವ ಕವಲು ರೈಲುದಾರಿಯು ೧೮೯೪ ರಲ್ಲಿ ಆಯಿತು. ನಾನು ಕೆಲಸಕ್ಕಿದ್ದ ಅಂಗಡಿಯಿದ್ದುದು ರಾಬರ್ಟ್‌ಸನ್‌ಪೇಟೆಯಲ್ಲಿ. ಬೆಳಗಿನ ಗಾಡಿಯಲ್ಲಿ ಹೋಗಿ ರಾತ್ರಿಯ ಗಾಡಿಯಲ್ಲಿ ಹಿಂದಿರುಗುವುದು ನನ್ನ ನಿತ್ಯದ ಕ್ರಮವಾಗಿತ್ತು.

ಆ ಚಿನ್ನದ ಗಣಿಗಳ ಚರಿತ್ರೆಯನ್ನು ತಾವೆಲ್ಲರೂ ಬಲ್ಲಿರಿ. ೧೮೮೦ ರಲ್ಲಿ ಜಾನ್ ಟೇಲರ್ ಕಂಪೆನಿಯವರು ಅಲ್ಲಿಗೆ ಬಂದರು. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುಚ್ಛಕ್ತಿಯು ೧೯೦೨ ರಲ್ಲಿ, ಬೆಂಗಳೂರಿಗಿಂತಲೂ ಮೊದಲು, ಈ ಗಣಿಗಳನ್ನೇ ಸೇರಿತು. ೧೯೫೬ ರಲ್ಲಿ ಮೈಸೂರು ಸರ್ಕಾರದವರು ಗಣಿಗಳನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ೧೯೬೨ ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿದುವು. ಮನುಷ್ಯರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಬಂಡೆಯನ್ನು ಕೊರೆದರು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ ಚಿನ್ನವು ಅಲ್ಲಿಂದ ಹೊರಬಂದಿತು. ೨೦೦೧ ನೆಯ ಇಸವಿ ಫೆಬ್ರವರಿ ೨೮ ರಂದು ಗಣಿಗಳು ಮುಚ್ಚಲ್ಪಟ್ಟುವು.

ಚಿನ್ನವು ಹೊರಕ್ಕೆ ಬಂದಿತು. ಧೂಳು ಎದೆಯೊಳಗೆ ಉಳಿಯಿತು. ಚಿನ್ನವಿರುವ ಕಲ್ಲು ಬೆಣಚುಕಲ್ಲು. ಅದನ್ನು ಕೊರೆಯುವಾಗ ಏಳುವ ಅತಿ ಸೂಕ್ಷ್ಮವಾದ ಧೂಳು ಉಸಿರಿನೊಡನೆ ಪುಪ್ಪುಸದ ಕಿರುಗೂಡುಗಳವರೆಗೆ ಹೋಗಿ ಅಲ್ಲಿಯೇ ನೆಲಸುತ್ತದೆ. ದೇಹವು ಅದನ್ನು ಕರಗಿಸಲಾರದೆ ಅದರ ಸುತ್ತ ಗಾಯದ ಕಲೆಯಂತಹ ಗಟ್ಟಿಯಾದ ನಾರನ್ನು ಬೆಳೆಸುತ್ತದೆ. ವರ್ಷಗಳು ಕಳೆದಂತೆಲ್ಲ ಪುಪ್ಪುಸವು ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಒಮ್ಮೆ ಬಂದರೆ ಇದನ್ನು ಹೋಗಲಾಡಿಸುವ ಔಷಧವಿಲ್ಲ. ಗಣಿಯನ್ನು ಬಿಟ್ಟ ಮೇಲೂ ಇದು ಬೆಳೆಯಬಹುದು. ೧೯೪೦ ರಿಂದ ೧೯೪೬ ರ ವರೆಗೆ ಕೋಲಾರದ ಗಣಿಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿ ಕೆಲಸಗಾರರನ್ನು ಪರೀಕ್ಷಿಸಿದಾಗ, ನೂರಕ್ಕೆ ೪೦ ಕ್ಕಿಂತಲೂ ಹೆಚ್ಚು ಜನರಲ್ಲಿ ಈ ರೋಗವು ಕಂಡುಬಂದಿತು. ಔಷಧದಿಂದ ಗುಣವಾಗದ ಇಂತಹ ರೋಗದಲ್ಲಿ ರೋಗಿಗೆ ಉಳಿಯುವ ಆಸರೆ ಯಾವುದು? ಹತ್ತಿರ ಕುಳಿತು ನೋಡಿಕೊಳ್ಳುವವರ ಕೈಯೇ ಆ ಆಸರೆ. ಈ ಮಾತನ್ನು ನಾನು ಅರಿತುಕೊಂಡುದು ನನ್ನ ಒಂದು ತಪ್ಪಿನಿಂದ. ಅದನ್ನು ಈ ಸಭೆಯಲ್ಲಿ ಮುಚ್ಚಿಡದೆ ಹೇಳುತ್ತೇನೆ.

ಗಣಿಗಳು ಮುಚ್ಚಿದ ವರ್ಷದ ಮಳೆಗಾಲ. ಸಂಬಳವನ್ನು ನಂಬಿ ಕಂತಿನ ಮೇಲೆ ಬಟ್ಟೆ ಕೊಂಡಿದ್ದ ಮನೆಗಳಿಂದ ಬಾಕಿಯನ್ನು ವಸೂಲು ಮಾಡಿಕೊಂಡು ಬರುವಂತೆ ಯಜಮಾನರು ನನ್ನನ್ನು ಕಳುಹಿಸುತ್ತಿದ್ದರು. ಒಂದು ಸಂಜೆ ಕೂಲಿಕಾರರ ಸಾಲುಮನೆಗಳಲ್ಲೊಂದರ ಬಾಗಿಲಿಗೆ ಹೋದೆ. ಒಳಗೆ ಒಬ್ಬ ಮುದುಕರು ಗೋಡೆಗೊರಗಿ ಕುಳಿತು ಏದುಸಿರು ಬಿಡುತ್ತಿದ್ದರು. ಅವರ ಹೆಂಡತಿ ನನ್ನನ್ನು ಕಂಡೊಡನೆ ಬಾಕಿಯ ಮಾತನ್ನು ಎತ್ತಲಿಲ್ಲ. “ಅಯ್ಯಾ, ಸ್ವಲ್ಪ ಹಿಡಿದುಕೊಳ್ಳಿ, ನಾನು ಬಿಸಿನೀರು ತರುತ್ತೇನೆ” ಎಂದು ತಮಿಳಿನಲ್ಲಿ ಬೇಡಿಕೊಂಡಳು. ನಾನು ಹೊಸ್ತಿಲನ್ನು ದಾಟಲಿಲ್ಲ. ಆ ಕೆಮ್ಮು ನನಗೆ ಅಂಟೀತೆಂಬ ಭಯವೊಂದು; ಯಾರ ಮನೆಯೋ, ಎಂತಹ ಹಾಸಿಗೆಯೋ ಎಂಬ ಅಳುಕು ಇನ್ನೊಂದು. ಕೊರಳಲ್ಲಿ ಲಿಂಗವಿದ್ದೂ ಆ ಎರಡನೆಯ ಅಳುಕು ನನ್ನ ಮನಸ್ಸಿನಲ್ಲಿತ್ತೆಂಬುದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಓದುಬಲ್ಲವನೆಂಬ ಹಮ್ಮು ಮಾತ್ರ ಬಿಡಲಿಲ್ಲ. “ಅವರನ್ನು ಅಂಗಾತ ಮಲಗಿಸಿ, ವಿಶ್ರಾಂತಿಯಾಗುತ್ತದೆ” ಎಂದು ಬಾಗಿಲಲ್ಲಿ ನಿಂತೇ ಅಪ್ಪಣೆ ಮಾಡಿದೆ. ಆಕೆ ನನ್ನ ಮಾತನ್ನು ನಂಬಿದಳು. ಮಲಗಿಸಿದ ಕೂಡಲೇ ಮುದುಕರ ಉಸಿರು ಕಟ್ಟಿಕೊಂಡಿತು, ತುಟಿಗಳು ನೀಲಿಯಾದುವು, ಕೈಗಳು ಗಾಳಿಯನ್ನು ತಡಕುವಂತೆ ಮೇಲೆದ್ದುವು.

ಆ ಕೂಗಿಗೆ ಪಕ್ಕದ ಮನೆಯಿಂದ ವಯಸ್ಸಾದ ಒಬ್ಬ ತಾಯಿ ಓಡಿಬಂದರು. ಅವರು ಬಹುಕಾಲ ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡಿದ್ದವರು. ಯಾರನ್ನೂ ಏನನ್ನೂ ಕೇಳದೆ ಮುದುಕರನ್ನು ಎಬ್ಬಿಸಿ ಕೂಡಿಸಿದರು, ಎದುರಿಗೆ ಒಂದು ಮುಕ್ಕಾಲಿಯನ್ನಿಟ್ಟು, ಅದರ ಮೇಲೆ ಮಡಿಸಿದ ಕಂಬಳಿಯನ್ನು ಹಾಕಿ, ಮೊಳಕೈಗಳನ್ನು ಅದರ ಮೇಲೂರಿ ಮುಂದಕ್ಕೆ ಬಾಗುವಂತೆ ಮಾಡಿದರು, ಕಿಟಕಿಯನ್ನು ತೆರೆಸಿದರು, ನೆರೆದ ಜನರನ್ನು ದೂರ ಸರಿಸಿದರು. ತುಟಿಗಳನ್ನು ಕಿರಿದು ಮಾಡಿ ದೀಪವನ್ನು ಮೆಲ್ಲಗೆ ಊದುವವರಂತೆ ಉಸಿರು ಬಿಡುವ ಬಗೆಯನ್ನು ತಾವೇ ಮಾಡಿ ತೋರಿಸಿದರು. ಕಾಲು ಗಂಟೆಯಲ್ಲಿ ಮುದುಕರ ಉಸಿರು ಒಂದು ಹದಕ್ಕೆ ಬಂದಿತು. ಅನಂತರ ಆ ತಾಯಿ ನನ್ನ ಕಡೆಗೆ ತಿರುಗಿ, “ತಮ್ಮಾ, ಈ ರೋಗದವರನ್ನು ಅಂಗಾತ ಮಲಗಿಸಬಾರದು. ನಿನಗೆ ತಿಳಿಯದಿದ್ದರೆ ಸುಮ್ಮನಿರಬಹುದಾಗಿತ್ತು” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಬಾಕಿಯ ಪುಸ್ತಕವು ನನ್ನ ಕಂಕುಳಲ್ಲಿಯೇ ಇದ್ದಿತು. ಅದನ್ನು ತೆರೆಯದೆ ಹಿಂದಿರುಗಿದೆ. ಕೆಲವು ವಾರಗಳ ಮೇಲೆ ಆ ಮುದುಕರು ತೀರಿಕೊಂಡರೆಂದು ಕೇಳಿದೆ.

ನನ್ನ ಮನಸ್ಸಿನಲ್ಲಿ ಮರುಕವಿರಲಿಲ್ಲವೆಂದಲ್ಲ. ಮರುಕವಿದ್ದಿತು, ಆದರೆ ಅದು ಹೊಸ್ತಿಲ ಆಚೆಯೇ ನಿಂತಿತು. ಕಲಿಯದ ಕೈಯ ಮರುಕವು ರೋಗಿಗೆ ಉಪಕಾರ ಮಾಡಲಾರದು. ಕೆಲವು ವೇಳೆ ಅಪಾಯವನ್ನೇ ತಂದೀತು. ಇದೇ ನಾನು ಇಂದು ತಮ್ಮ ಮುಂದೆ ಇಡಬೇಕೆಂದಿರುವ ಮುಖ್ಯವಾದ ಮಾತು. ಶುಶ್ರೂಷೆಯೆಂಬುದು ಒಳ್ಳೆಯ ಮನಸ್ಸಿನಿಂದಲೇ ಆಗಿಬಿಡುವ ಕೆಲಸವೆಂದು ನಾವು ತಿಳಿದಿದ್ದೇವೆ. ಅದು ಕಲಿಯಬೇಕಾದ ವಿದ್ಯೆ.

ಲೋಕದ ದೊಡ್ಡವರ ನಡೆಯೂ ಇದನ್ನೇ ಹೇಳುತ್ತದೆ. ೧೮೨೦ ರಲ್ಲಿ ಶ್ರೀಮಂತರ ಮನೆಯಲ್ಲಿ ಹುಟ್ಟಿದ ಫ್ಲಾರೆನ್ಸ್ ನೈಟಿಂಗೇಲ್ ಎಂಬ ಆಂಗ್ಲ ಮಹಿಳೆಯು ದಾದಿಯಾಗಬೇಕೆಂದಾಗ ಆಕೆಯ ಮನೆಯವರು ಬಹಳವಾಗಿ ವಿರೋಧಿಸಿದರು. ಆ ಕಾಲಕ್ಕೆ ಅದು ಮಾನವಂತರ ಕೆಲಸವೆನಿಸಿರಲಿಲ್ಲ. ಆಕೆ ೧೮೫೪ ರಲ್ಲಿ ಮೂವತ್ತೆಂಟು ಮಂದಿ ಸ್ತ್ರೀಯರೊಡನೆ ತುರ್ಕಿಯ ಸ್ಕುಟಾರಿಯ ಯುದ್ಧಾಸ್ಪತ್ರೆಗೆ ಹೋದರು. ದೀಪವನ್ನು ಹಿಡಿದು ರಾತ್ರಿ ತಿರುಗಿದ ಕರುಣಾಮೂರ್ತಿಯೆಂದು ಲೋಕವು ಅವರನ್ನು ಕೊಂಡಾಡುತ್ತದೆ. ಆದರೆ ಅವರು ಸಾವುಗಳ ಲೆಕ್ಕವನ್ನಿಟ್ಟು, ಗಾಯಕ್ಕಿಂತ ಕೊಳೆಯಿಂದ ಹರಡುವ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂಬುದನ್ನು ಅಂಕೆಗಳಿಂದ ತೋರಿಸಿಕೊಟ್ಟುದನ್ನು ನಾವು ಮರೆಯುತ್ತೇವೆ. ೧೮೬೦ ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ಸ್ಥಾಪಿಸಿದುದೇ ಅವರ ದೊಡ್ಡ ಕೆಲಸ.

ನಮ್ಮ ದೇಶದಲ್ಲಿ ಮದರ್ ತೆರೇಸಾ ಅವರ ಉದಾಹರಣೆಯಿದೆ. ಅವರು ಕಲ್ಕತ್ತೆಯ ಶಾಲೆಯೊಂದರಲ್ಲಿ ಸುಮಾರು ಹದಿನೇಳು ವರ್ಷ ಉಪಾಧ್ಯಾಯಿನಿಯಾಗಿ, ಮುಖ್ಯೋಪಾಧ್ಯಾಯಿನಿಯೂ ಆಗಿದ್ದವರು. ೧೯೪೮ ರಲ್ಲಿ ಆ ವೃತ್ತಿಯನ್ನು ಬಿಟ್ಟು ಬಡವರ ಸೇವೆಗೆ ಹೊರಟಾಗ ಅವರಿಗೆ ಸುಮಾರು ಮೂವತ್ತೆಂಟು ವರ್ಷ ವಯಸ್ಸು. ಹೊರಟವರು ನೇರವಾಗಿ ಬೀದಿಗೆ ಇಳಿಯಲಿಲ್ಲ. ಮೊದಲು ಪಾಟ್ನಾದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಹೋಗಿ ಶುಶ್ರೂಷೆಯ ಶಿಕ್ಷಣವನ್ನು ಪಡೆದು, ಆ ಮೇಲೆ ಕಲ್ಕತ್ತೆಗೆ ಹಿಂದಿರುಗಿದರು. ಅಂತಹ ಕರುಣೆಯುಳ್ಳವರಿಗೂ ಕಲಿಯುವುದು ಬೇಕಾಗಿದ್ದರೆ ನಮ್ಮಂತಹವರ ಪಾಡೇನು?

ಕಾಯಕವನ್ನು ಬದಲಾಯಿಸುವುದು ನಮ್ಮ ಪರಂಪರೆಗೂ ಹೊಸದಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆಯನ್ನು ಮಾರಿ ಜೀವಿಸಿದರೆಂದು ಪರಂಪರೆಯು ಹೇಳುತ್ತದೆ. ವೈದ್ಯ ಸಂಗಣ್ಣನವರು ಚಿಕಿತ್ಸೆಯನ್ನೇ ಕಾಯಕವಾಗಿ ಉಳ್ಳವರಾಗಿದ್ದರು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ಲಿಂಗವಂತನಿಗೆ ಇಲ್ಲವೆಂದು ನಮ್ಮ ಹಿರಿಯರು ಸಾರಿದರು. ದಾದಿಯ ಕೈ ದಿನವೂ ಮುಟ್ಟುವುದು ಈ ಐದನ್ನೇ ಎಂಬುದನ್ನು ತಾವು ವಿಚಾರ ಮಾಡಬೇಕು. ಹೆರಿಗೆಯ ಕೋಣೆಯಲ್ಲಿ, ಹೆಣದ ಬಳಿಯಲ್ಲಿ, ರಕ್ತದಲ್ಲಿ, ಎಂಜಲಿನಲ್ಲಿ, ಎಲ್ಲ ಜಾತಿಯ ಮೈಗಳ ಮೇಲೆ ಆ ಕೈಯಾಡುತ್ತದೆ. ಐದು ಸೂತಕಗಳಿಲ್ಲವೆಂದು ಹೇಳಿಕೊಳ್ಳುವ ನಮ್ಮ ಮನೆಗಳಿಂದಲೇ ಈ ಕಾಯಕಕ್ಕೆ ಎಲ್ಲರಿಗಿಂತ ಮೊದಲು ಮಕ್ಕಳು ಹೊರಡಬೇಕಾಗಿತ್ತಲ್ಲವೆ? ಕೋಲಾರದಲ್ಲಿ ನೂರು ವರ್ಷಗಳಿಗೂ ಹಿಂದೆಯೇ ಮೆಥೋಡಿಸ್ಟ್ ಮಿಶನ್ನಿನವರು ಎಲೆನ್ ಥೋಬರ್ನ್ ಕೋವೆನ್ ಹೆಸರಿನ ಆಸ್ಪತ್ರೆಯನ್ನು ಕಟ್ಟಿದರು. ಕ್ರೈಸ್ತ ಸೋದರಿಯರು ಹಳ್ಳಿಗಾಡಿನಲ್ಲಿ ಈ ಸೇವೆಯನ್ನು ಮಾಡುತ್ತಿದ್ದಾಗ ನಾವು ಅವರನ್ನು ಹೊಗಳಿದೆವು. ನಮ್ಮ ಮಕ್ಕಳನ್ನು ಮಾತ್ರ ಕಳುಹಿಸಲಿಲ್ಲ.

ಇನ್ನು ನನ್ನ ಕಥೆಯನ್ನು ಮುಗಿಸುತ್ತೇನೆ. ಗಣಿಯ ಸಂಬಳ ನಿಂತ ಮೇಲೆ ಅಂಗಡಿಯೂ ನಿಲ್ಲಲಿಲ್ಲ. ನಮ್ಮ ಸೀಮೆಯ ಸಾವಿರಾರು ಮಂದಿ ಅಂದಿನಿಂದ ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ಗಾಡಿಯನ್ನು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗತೊಡಗಿದರು. ನಾನೂ ಕೆಲಕಾಲ ಹೋದೆ. ಆ ಮುಕ್ಕಾಲಿ, ಆ ಕಂಬಳಿ ಮನಸ್ಸನ್ನು ಬಿಡಲಿಲ್ಲ. ಕೊನೆಗೆ ಮೂವತ್ತಮೂರನೆಯ ವಯಸ್ಸಿನಲ್ಲಿ ಶುಶ್ರೂಷೆಯ ಡಿಪ್ಲೊಮಾ ಶಾಲೆಗೆ ಅರ್ಜಿ ಹಾಕಿದೆ. ಅದಕ್ಕೆ ಸೇರಲು ಗರಿಷ್ಠ ವಯಸ್ಸು ಮೂವತ್ತೈದು. ಇನ್ನೆರಡು ವರ್ಷ ಹಿಂದೆಮುಂದೆ ನೋಡಿದ್ದರೆ ಬಾಗಿಲು ಮುಚ್ಚುತ್ತಿತ್ತು.

ಮನೆಯಲ್ಲಿ ನಡೆದುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಗಂಡಸಾಗಿ ದಾದಿಯ ಕೆಲಸವೇ, ಪರರ ಮಲಮೂತ್ರಗಳನ್ನು ಎತ್ತುವುದೇ ಎಂದು ಬಂಧುಗಳು ಹಂಗಿಸಿದರು. ನನ್ನ ಹೆಂಡತಿಯು ಮಾತ್ರ, “ಮನೆಯವರ ಮಲಮೂತ್ರಗಳನ್ನು ನಾನು ಎತ್ತುತ್ತಿಲ್ಲವೆ? ಅದನ್ನು ಯಾರೂ ಹೀನವೆನ್ನಲಿಲ್ಲವಲ್ಲ” ಎಂದಳು. ಮೂರು ವರ್ಷಗಳಿಗೂ ಹೆಚ್ಚು ಕಾಲ ಆಕೆ ಬಟ್ಟೆ ಹೊಲಿದು ಸಂಸಾರವನ್ನು ನಡೆಸಿದಳು. ನನ್ನ ಕಾಯಕದ ಪುಣ್ಯವೇನಾದರೂ ಇದ್ದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಕೆಯದು.

ಹದಿನೆಂಟು ವರ್ಷದ ಹುಡುಗಿಯರ ನಡುವೆ ಕುಳಿತು ಮೂಳೆಗಳ ಹೆಸರುಗಳನ್ನು ಬಾಯಿಪಾಠ ಮಾಡಿದೆ. ಮೊದಲನೆಯ ವರ್ಷದಲ್ಲಿ ಒಂದು ರಾತ್ರಿ, ಕೆಲಸದ ಭರದಲ್ಲಿ, ರೋಗಿಯೊಬ್ಬರ ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ ಬರೆದುಬಿಟ್ಟೆ. ಹಿರಿಯ ಸೋದರಿಯೊಬ್ಬರು ಬಂದು ಪೂರ್ತಿ ಒಂದು ನಿಮಿಷ ಎಣಿಸಿದರು. ನಾಡಿಯು ತಾಳ ತಪ್ಪಿ ಬಡಿಯುತ್ತಿತ್ತು. ಸಂಖ್ಯೆಯಲ್ಲಿ ಇಪ್ಪತ್ತರ ವ್ಯತ್ಯಾಸ. ಕೂಡಲೇ ವೈದ್ಯರನ್ನು ಕರೆಸಿ ಅವರು ರೋಗಿಯನ್ನು ಉಳಿಸಿಕೊಂಡರು. ಅಂಗಡಿಯ ಲೆಕ್ಕ ತಪ್ಪಿದರೆ ಮರುದಿನ ತಿದ್ದಬಹುದು. ಈ ಲೆಕ್ಕಕ್ಕೆ ಮರುದಿನವಿಲ್ಲವೆಂಬುದನ್ನು ಆ ರಾತ್ರಿ ಕಲಿತೆ.

ಈ ವಿದ್ಯೆಯ ಬಹುಭಾಗವು ಇಂತಹ ಸಣ್ಣ ವಿಷಯಗಳಿಂದಲೇ ಆದುದು. ಏಳಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಬೆನ್ನು, ಹಿಮ್ಮಡಿಗಳಲ್ಲಿ ಒತ್ತುಹುಣ್ಣು ಏಳುತ್ತದೆ. ಒಬ್ಬ ರೋಗಿಯನ್ನು ಮುಟ್ಟಿದ ಕೈಯನ್ನು ತೊಳೆಯದೆ ಇನ್ನೊಬ್ಬನನ್ನು ಮುಟ್ಟಿದರೆ ರೋಗವನ್ನು ನಾವೇ ಹೊತ್ತುಕೊಂಡು ಹೋದಂತೆ. ಧೂಳಿನ ರೋಗವು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ; ಆದರೆ ಆ ರೋಗಿಗಳಿಗೆ ಕ್ಷಯವು ಬೇಗನೆ ತಗಲುವುದರಿಂದ, ವಾರಗಟ್ಟಲೆ ಜ್ವರ, ಕೆಮ್ಮು, ತೂಕದ ಇಳಿತ ಕಂಡರೆ ಕಫವನ್ನು ಪರೀಕ್ಷಿಸಲೇಬೇಕು. ಅಂದು ಹೊಸ್ತಿಲಲ್ಲಿ ನಿಂತಾಗ ಇವುಗಳಲ್ಲಿ ಒಂದೂ ನನಗೆ ತಿಳಿದಿರಲಿಲ್ಲ. ೨೦೨೦ ರಲ್ಲಿ ಮಹಾಮಾರಿಯು ಬಂದಿತು. ನೈಟಿಂಗೇಲರು ಹುಟ್ಟಿ ಇನ್ನೂರು ವರ್ಷಗಳಾದ ಕಾರಣ ಆ ವರ್ಷವನ್ನು ವಿಶ್ವ ಆರೋಗ್ಯ ಸಂಸ್ಥೆಯು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಸಾರಿತ್ತು. ಉಸಿರಿಗಾಗಿ ತಡಕುವ ಕೈಗಳನ್ನು ಆಗ ಮತ್ತೆ ಕಂಡೆ. ಆ ಸಲ ನಾನು ಹೊಸ್ತಿಲಿನ ಒಳಗಿದ್ದೆ. ಎಲ್ಲರನ್ನೂ ಉಳಿಸಿಕೊಳ್ಳಲಾಗಲಿಲ್ಲ.

ಈ ಕಾಯಕವನ್ನು ಹಿಡಿಯಬೇಕೆನ್ನುವ ತರುಣರಿಗೆ ಒಂದೆರಡು ಎಚ್ಚರಿಕೆಯ ಮಾತುಗಳು. ಪರದೇಶದ ಸಂಬಳವೊಂದನ್ನೇ ಕಂಡು ಬರಬೇಡಿರಿ. ರಾತ್ರಿಯ ಪಾಳಿ, ಬೆನ್ನುನೋವು, ರೋಗಿಯ ಬಂಧುಗಳ ಬಿರುನುಡಿ ಇವೆಲ್ಲವೂ ಇದರೊಡನೆ ಬರುತ್ತವೆ. ಪದವಿಯ ಶಿಕ್ಷಣಕ್ಕೆ ವಿಜ್ಞಾನವನ್ನು ಓದಿರಬೇಕು. ನಾನು ಓದಿದ ಡಿಪ್ಲೊಮಾಕ್ಕೆ ಬೇರೆ ವಿಷಯಗಳನ್ನು ಓದಿದವರೂ ಸೇರಬಹುದಾಗಿತ್ತು. ಇಂತಹ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಹಣವನ್ನು ಕಟ್ಟುವ ಮೊದಲು, ನರ್ಸಿಂಗ್ ಶಿಕ್ಷಣಕ್ಕೆ ಸಂಬಂಧಪಟ್ಟ ಸರ್ಕಾರಿ ಪ್ರಾಧಿಕಾರದಲ್ಲಿ ಶಾಲೆಗೆ ಮನ್ನಣೆಯಿದೆಯೆ ಎಂಬುದನ್ನು ವಿಚಾರಿಸತಕ್ಕದ್ದು. ರೋಗಿಗಳಿಲ್ಲದ ಆಸ್ಪತ್ರೆಯ ಶಾಲೆಯಲ್ಲಿ ಈ ವಿದ್ಯೆಯು ಬರಲಾರದು.

ಶ್ರೀಮಠದ ಸನ್ನಿಧಿಯಲ್ಲಿಯೂ ಭಕ್ತಸಮೂಹದಲ್ಲಿಯೂ ನನ್ನ ಬಿನ್ನಹಗಳು ಮೂರು. ನಮ್ಮ ಮಠಗಳು ಅನ್ನ, ಅಕ್ಷರಗಳ ದಾಸೋಹವನ್ನು ನಡೆಸಿಕೊಂಡು ಬಂದಿವೆ, ಮೈಸೂರಿನ ಜೆ.ಎಸ್.ಎಸ್., ಬೆಳಗಾವಿಯ ಕೆ.ಎಲ್.ಇ. ಮುಂತಾದ ಸಂಸ್ಥೆಗಳು ಶುಶ್ರೂಷಾ ವಿದ್ಯಾಲಯಗಳನ್ನೂ ಕಟ್ಟಿವೆ. ಆದುದರಿಂದ ನಮ್ಮ ವಿದ್ಯಾರ್ಥಿನಿಲಯದಲ್ಲಿ ಈ ವಿದ್ಯೆಯನ್ನು ಕಲಿಯುವ ಬಡ ಮಕ್ಕಳಿಗೆ, ವಯಸ್ಸು ಮೀರಿ ಬಂದವರಿಗೂ ಸೇರಿಸಿ, ಕೆಲವು ಸ್ಥಳಗಳನ್ನು ಮೀಸಲಿಡಬೇಕೆಂಬುದು ಮೊದಲನೆಯದು. ಪ್ರತಿವರ್ಷ ಜಾತ್ರೆಯ ಕಾಲದಲ್ಲಿ ಮನೆಯವರಿಗೆ ರೋಗಿಯನ್ನು ಕೂಡಿಸುವ, ಹೊರಳಿಸುವ, ಉಣಿಸುವ ಕ್ರಮಗಳನ್ನು ಕಲಿಸುವ ಒಂದು ಶಿಬಿರವನ್ನು ಏರ್ಪಡಿಸಬೇಕೆಂಬುದು ಎರಡನೆಯದು. ಅದಕ್ಕೆ ನಾನು ಮತ್ತು ನನ್ನ ಜೊತೆಯವರು ಬರಲು ಸಿದ್ಧರಿದ್ದೇವೆ. ಮೂರನೆಯದು ತಾಯಂದಿರಲ್ಲಿ: ಹೆಣ್ಣು ನೋಡಲು ಹೋದಾಗ, ಗಂಡು ಗೊತ್ತುಮಾಡುವಾಗ, ದಾದಿಯ ಕೆಲಸವೆಂದು ಕೇಳಿ ಮುಖವನ್ನು ಸಿಂಡರಿಸಬೇಡಿರಿ. ಆಸ್ಪತ್ರೆಯಲ್ಲಿ ನಮ್ಮ ಕೊನೆಯ ಗುಟುಕು ನೀರನ್ನು ಕೊಡುವ ಕೈ ಅದೇ ಆಗಿರಬಹುದು.

ಆ ಸಾಲುಮನೆಯ ತಾಯಿಯ ಹೆಸರನ್ನು ನಾನು ಅಂದು ಕೇಳಲಿಲ್ಲ. ಶಾಲೆಯನ್ನು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಹುಡುಕಿಕೊಂಡು ಹೋದಾಗ ಆ ಮನೆಗೆ ಬೀಗ ಹಾಕಿತ್ತು. ಮಕ್ಕಳಿರುವ ಊರಿಗೆ ಹೋದರೆಂದು ನೆರೆಯವರು ಹೇಳಿದರು. ನನಗೆ ಈ ಕಾಯಕದ ದೀಕ್ಷೆಯನ್ನು ಕೊಟ್ಟವರು ಅವರು. ಅವರು ಎಲ್ಲಿಯೇ ಇರಲಿ, ಈ ಪವಿತ್ರ ಸ್ಥಳದಿಂದ ಅವರಿಗೆ ನನ್ನ ಶರಣಾರ್ಥಿಯನ್ನು ಸಲ್ಲಿಸುತ್ತೇನೆ.

ಶ್ರೀಮಠದ ದಾಸೋಹವು ಅನ್ನ, ಅಕ್ಷರಗಳೊಡನೆ ಆರೈಕೆಯ ದಾಸೋಹವೂ ಆಗಿ ಬೆಳಗಲೆಂದು ಬೇಡಿಕೊಳ್ಳುತ್ತೇನೆ.